ಮನೆಯೊಳಗಿನ ಪೆಟ್ಟು, ಮನಸ್ಸಿನ ಗಾಯ: ದಾವಣಗೆರೆ, ಚಿತ್ರದುರ್ಗದ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಎದುರಿಗೆ ಕೂತವರು ಜಗಳೂರಿನವರಿರಲಿ, ಚನ್ನಗಿರಿ ಕಡೆಯವರಿರಲಿ, ಹೊಳಲ್ಕೆರೆ, ಚಳ್ಳಕೆರೆಯಿಂದ ಬಸ್ಸು ಹತ್ತಿ ಬಂದವರಿರಲಿ, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಎದುರೆದುರೇ ಕೇಳಿದ್ದು, ಕೆಲವು ಕಾಗದದಲ್ಲಿ ಬರೆದು ಕಳಿಸಿದ್ದು, ಕೆಲವು ಹೊರಡುವಾಗ ಬಾಗಿಲ ಹತ್ತಿರ ನಿಂತು "ಇನ್ನೊಂದು ಮಾತು" ಎಂದು ಕೇಳಿದ್ದು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಈ ಕ್ಷಣ ಮನೆಯಲ್ಲಿ ಜೀವಕ್ಕೆ ಅಪಾಯವಿದ್ದರೆ ಮುಂದೆ ಓದಬೇಡಿ, 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಬೇರೆಯವರು ತೆಗೆದು ನೋಡುವ ಮನೆಯಾದರೆ ಕರೆ ಮಾಡಿದ ನಂಬರನ್ನು ಅಳಿಸಿಬಿಡಿ.

## ಶುರುವಿನಲ್ಲಿ ಕೇಳುವಂಥವು

"ಎಲ್ಲರ ಮನೇಲೂ ಇರೋದೇ ಅಲ್ವಾ ಮೇಡಂ? ನಂದೊಂದು ದೊಡ್ಡ ವಿಷ್ಯಾನಾ?"

ಬಹಳ ಮನೆಗಳಲ್ಲಿದೆ ಎಂಬುದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹಾಗಂತ ಊರಿಗೆಲ್ಲ ಕಾಲರಾ ಬಂದರೆ ಅದನ್ನು ಕಾಯಿಲೆಯೇ ಅಲ್ಲ ಅನ್ನುತ್ತೇವಾ?

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂಬ ಗಾದೆಯನ್ನು ನನ್ನೆದುರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಗಾದೆ ಹೇಳುತ್ತಿರುವುದು ಜಗಳದ ಬಗ್ಗೆ. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ, ಇಬ್ಬರಿಗೂ ಸಿಟ್ಟು ಬರುತ್ತದೆ, ಯಾರಿಗೂ ಭಯ ಇರುವುದಿಲ್ಲ. ಬಾಯಿ ತೆಗೆಯುವ ಮೊದಲು ನೀವು ಅವರ ಮುಖ ನೋಡಿ ಅಳೆಯುತ್ತೀರಿ, ಸಾರಿಗೆ ಉಪ್ಪು ಹಾಕುವಾಗ ಕೈ ನಡುಗುತ್ತದೆ, ತವರಿಗೆ ಫೋನ್ ಮಾಡಲು ಅವರು ಹೊರಗೆ ಹೋಗುವುದನ್ನೇ ಕಾಯುತ್ತೀರಿ ಎಂದಾದರೆ ಅದನ್ನು ಜಗಳ ಅನ್ನಬೇಡಿ. ಅಲ್ಲಿ ಉಂಡು ಮಲಗಿದ ಮೇಲೂ ನಿಮಗೆ ನಿದ್ದೆ ಬರುವುದಿಲ್ಲ.

"ಅವ್ರು ಕೈ ಎತ್ತಲ್ಲ. ಬರೀ ಬಾಯಿ. ಅದೂ ಹಿಂಸೆನಾ?"

ಹೌದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ನಾಲ್ಕು ಬಗೆ ಹೇಳುತ್ತದೆ: ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ. "ಗಂಡು ಹೆರಲಾರದವಳು" ಅನ್ನುವುದು, ಮಕ್ಕಳೆದುರು ಹೀಯಾಳಿಸುವುದು, ನಿಮ್ಮ ದುಡಿಮೆಯ ದುಡ್ಡು ಕಿತ್ತುಕೊಳ್ಳುವುದು ಎಲ್ಲವೂ ಅದರೊಳಗೆ ಬರುತ್ತವೆ. ಗೃಹಲಕ್ಷ್ಮಿಯ ಎರಡು ಸಾವಿರ ಇವಳ ಖಾತೆಗೆ ಬರುತ್ತದೆ, ಎಟಿಎಂ ಕಾರ್ಡು ಅವನ ಜೇಬಿನಲ್ಲಿರುತ್ತದೆ. ಇಂಥದ್ದನ್ನು ಹೇಳಿಕೊಂಡವರು ಒಬ್ಬಿಬ್ಬರಲ್ಲ.

ಮನಸ್ಸಿನ ಲೆಕ್ಕದಲ್ಲಿ ಮಾತಿನ ಪೆಟ್ಟು ಸಣ್ಣದಲ್ಲ. ಬಾಸುಂಡೆಯನ್ನು ಅಕ್ಕಪಕ್ಕದವರು ನೋಡಿ ಅಯ್ಯೋ ಅನ್ನುತ್ತಾರೆ. ದಿನಾ ಕೇಳಿದ "ದಂಡಪಿಂಡ" ಎಂಬ ಮಾತು ಐದಾರು ವರ್ಷಕ್ಕೆ ನಿಮ್ಮದೇ ದನಿಯಲ್ಲಿ ಒಳಗಿಂದ ಕೇಳಿಸತೊಡಗುತ್ತದೆ. ಆಮೇಲೆ ಅವನು ಬಯ್ಯುವ ಅಗತ್ಯವೂ ಇರುವುದಿಲ್ಲ.

"ನಂಗೇನಾದ್ರೂ ಹುಚ್ಚು ಹಿಡೀತಾ ಐತಾ?"

ಒಬ್ಬ ತಾಯಿ ಹೇಳಿದ್ದು: "ಹಾಲು ಒಲೆ ಮೇಲಿಟ್ಟು ಎದುರಿಗೇ ನಿಂತಿದ್ದೆ. ಉಕ್ಕಿ ಕಟ್ಟೆ ಮೇಲೆಲ್ಲ ಹರೀತು, ಕಾಲಿಗೆ ಬಿಸಿ ತಾಗಿದಾಗಲೇ ಗೊತ್ತಾಗಿದ್ದು." ಆ ಹಾಲಿಗಾಗಿ ಮತ್ತೆ ಪೆಟ್ಟು ತಿಂದಳು. ಅವಳಿಗೆ ಆಗಿದ್ದು ಹುಚ್ಚಲ್ಲ. ತಿಂಗಳುಗಟ್ಟಲೆ ಕಾವಲು ಕಾದು ಸೋತ ಮನಸ್ಸು ಆಗಾಗ ಹೀಗೆ ಬಾಗಿಲು ಹಾಕಿಕೊಳ್ಳುತ್ತದೆ.

ಹಿಂಸೆ ಅನುಭವಿಸಿದವರಲ್ಲಿ ಸಾಮಾನ್ಯವಾಗಿ ಕಾಣುವುದು ಖಿನ್ನತೆ, ಸದಾ ಆತಂಕ ಮತ್ತು ಆಘಾತದ ನಂತರದ ಒತ್ತಡದ ಕಾಯಿಲೆ. ಖಿನ್ನತೆ ಅಂದರೆ ಬರೀ ಅಳು ಅಲ್ಲ. ಎರಡು ವಾರ ಮೀರಿ ಯಾವುದರಲ್ಲೂ ಆಸೆ ಇಲ್ಲದಿರುವುದು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು, ಊಟ ಸೇರದಿರುವುದು, ಎಲ್ಲಕ್ಕೂ ತಾನೇ ಕಾರಣ ಅನ್ನಿಸುವುದು. ಆಘಾತದ ಕಾಯಿಲೆಯಲ್ಲಿ ನಡೆದದ್ದು ಮತ್ತೆ ಈಗಲೇ ನಡೆಯುತ್ತಿರುವಂತೆ ಕಣ್ಣ ಮುಂದೆ ಬರುತ್ತದೆ, ಕನಸಿನಲ್ಲಿ ಕಿರುಚುವಂತಾಗುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಸಂಗಾತಿಯಿಂದ ಹಿಂಸೆಗೊಳಗಾದ ಹೆಂಗಸರಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಕಾಲು ಮುರಿದವಳನ್ನು ನೀನೇ ದುರ್ಬಲಳು ಅನ್ನುವುದಿಲ್ಲ, ಬಿದ್ದ ಪೆಟ್ಟು ಎಂಥದ್ದು ಎಂದು ಕೇಳುತ್ತೇವೆ. ಇಲ್ಲೂ ಅದನ್ನೇ ಕೇಳಬೇಕು.

"ಓಬವ್ವನ ಊರಿನವಳು ನೀನು, ತಿರುಗಿಸಿ ಒಂದು ಕೊಡಕ್ಕೆ ಆಗ್ಲಿಲ್ವಾ ಅಂತಾರೆ"

ಚಿತ್ರದುರ್ಗದ ಹೆಣ್ಣುಮಕ್ಕಳು ಈ ಮಾತನ್ನು ಎಷ್ಟು ಕೇಳಿದ್ದಾರೆಂದರೆ, ಅದನ್ನು ಹೇಳುವಾಗಲೇ ತಲೆ ತಗ್ಗಿಸುತ್ತಾರೆ. ಓಬವ್ವನ ಬಗ್ಗೆ ನನಗಿರುವ ಗೌರವಕ್ಕೆ ಕುಂದಿಲ್ಲ. ಆದರೆ ನೋಡಿ, ಅವಳ ಶತ್ರು ಹೈದರಾಲಿಯ ಸೈನಿಕ. ಹೊರಗಿನವನು, ಕೋಟೆಯ ಕಿಂಡಿಯಲ್ಲಿ ತೂರಿ ಬಂದವನು. ನಿಮ್ಮೆದುರು ಇರುವವನು ನೀವೇ ಬಡಿಸಿದ ಊಟ ಮಾಡುವವನು, ನಿಮ್ಮ ಮಕ್ಕಳ ಅಪ್ಪ, ರಾತ್ರಿ ಪಕ್ಕದಲ್ಲೇ ಮಲಗುವವನು. ಒನಕೆ ಎತ್ತಿದರೂ ನಾಳೆ ಅದೇ ಮನೆಯಲ್ಲಿ ಏಳಬೇಕು.

ಅಪಾಯ ಎದುರಾದಾಗ ಮೈ ಮೂರು ದಾರಿ ಹಿಡಿಯುತ್ತದೆ: ಹೊಡೆದಾಡುವುದು, ಓಡುವುದು, ಮರಗಟ್ಟಿ ನಿಲ್ಲುವುದು. ಯಾವುದೆಂದು ನೀವು ಕೂತು ತೀರ್ಮಾನಿಸುವುದಿಲ್ಲ. ಮಿದುಳು ಕ್ಷಣಾರ್ಧದಲ್ಲಿ, ಬದುಕಿ ಉಳಿಯುವ ದಾರಿ ಎಂದು ತೋಚಿದ್ದನ್ನು ಆರಿಸುತ್ತದೆ. ಕೈಕಾಲು ಆಡದೆ, ದನಿ ಹೊರಡದೆ ನಿಂತಿದ್ದು ಹೇಡಿತನವೂ ಅಲ್ಲ, ಒಪ್ಪಿಗೆಯೂ ಅಲ್ಲ.

## ಮೈ ಹೇಳುವ ಮಾತು

"ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್ ಅಂತಾರೆ. ಆದ್ರೂ ತಲೆನೋವು, ಎದೆ ಉರಿ, ಬಿಳಿ ಸೆರಗು ಹೋಗಲ್ಲ"

ನಮ್ಮ ಕಡೆ ಹೆಂಗಸರು "ನನಗೆ ಬೇಜಾರು" ಎಂದು ಹೇಳಿಕೊಂಡು ಆಸ್ಪತ್ರೆಗೆ ಹೋಗುವುದಿಲ್ಲ. ಸೊಂಟನೋವು, ಸುಸ್ತು, ಕೈಕಾಲು ಜೋಮು ಎಂದು ಹೋಗುತ್ತಾರೆ. ನೋವು ನಾಟಕವಲ್ಲ. ಸದಾ ಭಯದಲ್ಲಿರುವ ಮೈಯಲ್ಲಿ ಸ್ನಾಯುಗಳು ಬಿಗಿದೇ ಇರುತ್ತವೆ, ನಿದ್ದೆ ಕೆಡುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ನೋವನ್ನು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಬಿಳಿ ಸೆರಗಿಗೆ ಸೋಂಕು ಇದೆಯೇ ಎಂದು ಮೊದಲು ತೋರಿಸಿ. ಬಲವಂತದ ಸಂಬಂಧದಿಂದ ಸೋಂಕು ತಗಲುವುದೂ ಉಂಟು. ಎಲ್ಲ ಪರೀಕ್ಷೆ ಸರಿಯಿದ್ದರೂ ನೋವು ಹೋಗದಿದ್ದರೆ ಡಾಕ್ಟರಿಗೆ ಒಂದೇ ಒಂದು ವಾಕ್ಯ ಹೆಚ್ಚಿಗೆ ಹೇಳಿ: "ಮನೇಲಿ ನನಗೆ ಹಿಂಸೆ ಇದೆ." ಮೂರು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದವರನ್ನು ಕಂಡಿದ್ದೇನೆ. ಆ ವಾಕ್ಯವನ್ನು ಅವರಾಗಿ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ತಲೆ ಗೋಡೆಗೆ ಚಚ್ಚಿದಾಗಿಂದ ಮರೆವು ಜಾಸ್ತಿ. ಇದೂ ಟೆನ್ಷನ್ನಿಂದಾನಾ?"

ಇರಲಿಕ್ಕಿಲ್ಲ. ಇದನ್ನು ಟೆನ್ಷನ್ ಎಂದು ತಳ್ಳಿಹಾಕಬೇಡಿ. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೇ ಗಾಯವಾಗಿರಬಹುದು. ಮರೆವು, ತಲೆಸುತ್ತು, ಬೆಳಕು ಕಂಡರೆ ಹಿಂಸೆ, ಇದ್ದಕ್ಕಿದ್ದಂತೆ ಸಿಟ್ಟು, ಲೆಕ್ಕ ತಪ್ಪುವುದು ಅದರ ಲಕ್ಷಣಗಳು. ಕತ್ತು ಹಿಸುಕಿದ್ದರಂತೂ ಹೊರಗೆ ಗುರುತು ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ದನಿ ಒಡೆದಿದ್ದರೆ, ನುಂಗಲು ಕಷ್ಟವಾದರೆ, ಒಂದು ಕ್ಷಣ ಪ್ರಜ್ಞೆ ತಪ್ಪಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಕತ್ತಿಗೆ ಕೈ ಹಾಕಿದವನಿಂದ ಮುಂದೆ ಕೊಲೆಯ ಅಪಾಯ ಹಲವು ಪಟ್ಟು ಹೆಚ್ಚು. ಯಾರಾದರೂ ಹೀಗಾಯಿತು ಎಂದು ಹೇಳಿದರೆ ನಾನು ಉಳಿದ ಮಾತನ್ನೆಲ್ಲ ಬದಿಗಿಟ್ಟು, ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳುತ್ತೇನೆ.

"ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗೋ ದಿನ ಹತ್ರ ಬಂದಂಗೆ ಮಗು ಎತ್ಕೊಳ್ಳಕ್ಕೂ ಮನಸ್ಸಾಗಲ್ಲ"

ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹೆರಿಗೆಯ ನಂತರದ ಖಿನ್ನತೆ ಹಿಂಸೆ ಇರುವ ಮನೆಗಳಲ್ಲಿ ಹೆಚ್ಚು. ಬಸುರಿಯಾಗಿದ್ದಾಗ ಪೆಟ್ಟು ತಿಂದವರಲ್ಲಿ, ಹೆಣ್ಣು ಹುಟ್ಟಿತೆಂದು ಮಾತು ಕೇಳಿದವರಲ್ಲಿ ಇನ್ನೂ ಹೆಚ್ಚು. ಒತ್ತಡದಲ್ಲಿ ಎದೆಹಾಲು ಇಳಿಯುವುದೂ ತಡೆಯುತ್ತದೆ. ಬಾಣಂತಿಗೆ ಬೆಳ್ಳುಳ್ಳಿ, ಸಬ್ಬಸಿಗೆ ಎಷ್ಟು ತಿನ್ನಿಸಿದರೂ ಭಯ ಕರಗುವುದಿಲ್ಲ. ತವರಿನವರಿಗೆ ನನ್ನ ಕೈಮುಗಿದ ಮಾತು: ಐದನೇ ತಿಂಗಳು ಬಂತು, ಕಳಿಸಿಕೊಡಬೇಕು ಎಂದು ದಿನ ನೋಡುವ ಮುಂಚೆ ಮಗಳ ಮುಖ ನೋಡಿ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗಲೇ ಆಶಾ ಕಾರ್ಯಕರ್ತೆಗೋ ನರ್ಸಿಗೋ ಹೇಳಬಹುದು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ.

"ಮೈಮೇಲೆ ದೇವ್ರು ಬರುತ್ತೆ. ಆಗ ಮಾತ್ರ ಅವ್ರು ಹೆದರ್ತಾರೆ"

ಈ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ತನ್ನ ಬಾಯಲ್ಲಿ ಹೇಳಲಾಗದ್ದನ್ನು ದೇವಿಯ ಬಾಯಲ್ಲಿ ಹೇಳುವ ದಾರಿಯನ್ನು ನೊಂದ ಮನಸ್ಸು, ತನಗೇ ತಿಳಿಯದೆ, ಹಿಡಿಯುವುದುಂಟು. ಇದು ಮೋಸವಲ್ಲ. ಪೂಜೆ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಜೊತೆಗೆ ಮನೋವೈದ್ಯರನ್ನೂ ಕಾಣಿ, ಬಿಡಿಸುತ್ತೇವೆಂದು ಹೊಡೆಯುವವರ, ಬರೆ ಹಾಕುವವರ ಹತ್ತಿರ ಹೋಗಬೇಡಿ.

"ಜೀವ ಬ್ಯಾಡ ಅನ್ಸುತ್ತೆ. ಹೇಳಿದ್ರೆ ಪೊಲೀಸ್ ಕೇಸ್ ಆಗುತ್ತಾ?"

ಹಾಗೆ ಅನ್ನಿಸುವುದು ಅಪರಾಧವಲ್ಲ, ಹೇಳಿಕೊಳ್ಳುವುದೂ ಅಲ್ಲ. ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆ, 2017ರ 115ನೇ ಸೆಕ್ಷನ್ ಪ್ರಕಾರ, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಈ ಯೋಚನೆ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತು ದಾಟುವುದೇ ಮುಖ್ಯ. ಆಗ ಒಬ್ಬರೇ ಇರಬೇಡಿ. ಮಗುವನ್ನು ಎತ್ತಿಕೊಂಡು ಪಕ್ಕದ ಮನೆ ಕಟ್ಟೆಯ ಮೇಲೆ ಹೋಗಿ ಕೂತರೂ ಸರಿ. 14416ಕ್ಕೆ ಕರೆ ಮಾಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡದಂತೆ ನಿಮ್ಮವರು ಯಾರಿಗಾದರೂ ಹೇಳಿ ಸಾಗಿಸಿ. "ಅವ್ಳು ಸುಮ್ನೆ ಹೆದರಿಸ್ತಾಳೆ" ಎನ್ನುವ ಮನೆಯವರಿಗೆ ಹೇಳುವುದು ಇಷ್ಟೇ: ಬಾಯಿಬಿಟ್ಟು ಹೇಳಿದವಳ ಮಾತನ್ನು ನಿಜವೆಂದೇ ತೆಗೆದುಕೊಳ್ಳಿ.

## ಆಸ್ಪತ್ರೆ, ಮಾತ್ರೆ, ಸಮಾಲೋಚನೆ

"ಮೆಂಟಲ್ ಡಾಕ್ಟರ್ ಹತ್ರ ಹೋದ್ಲು ಅಂತ ಊರಿಗೆಲ್ಲ ಗೊತ್ತಾಗಲ್ವಾ? ಎಲ್ಲಿಗೆ ಹೋಗ್ಲಿ?"

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಸೀಮೆಯ ಹಳ್ಳಿಯವರಿಗೆ ಈ ಚಿಕಿತ್ಸೆ ಹೊಸದೇನಲ್ಲ.

ನೀವು ಹೇಳಿದ್ದನ್ನು ವೈದ್ಯರು ಗುಟ್ಟಾಗಿಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಮನೆಯಲ್ಲಿ ಏನು ಹೇಳಿ ಹೊರಡಬೇಕೆಂಬುದು ನಿಜವಾದ ತೊಡಕು. ಸೊಂಟನೋವಿಗೆ ಎಂದೋ, ಮಗುವಿಗೆ ತೋರಿಸಬೇಕೆಂದೋ ಹೇಳಿ ಬರುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿಗೆ ಕೈಯೊಡ್ಡುವುದು ತಪ್ಪಿತು. ಟಿಕೆಟ್ಟಿಗೆ ಇಪ್ಪತ್ತು ರೂಪಾಯಿ ಕೇಳಿದ್ದಕ್ಕೆ ಏಟು ತಿಂದು, ಬರುವುದನ್ನೇ ಬಿಟ್ಟಿದ್ದ ಒಬ್ಬರು ಈಗ ತಪ್ಪದೆ ಬರುತ್ತಾರೆ.

"ಮಾತ್ರೆ ಶುರು ಮಾಡಿದ್ರೆ ಸಾಯೋ ತನಕ ತಗೋಬೇಕಂತೆ, ಹೌದಾ?"

ಇಲ್ಲ. ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕನೇ ದಿನಕ್ಕೇ "ಏನೂ ಆಗ್ಲಿಲ್ಲ" ಎಂದು ಬಿಡುವವರೇ ಹೆಚ್ಚು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರೆಂಟು ತಿಂಗಳು ಮುಂದುವರಿಸಿ, ವೈದ್ಯರ ಮಾತಿನಂತೆ ನಿಧಾನಕ್ಕೆ ಇಳಿಸಬೇಕು. ಚಟ ಹಿಡಿಸುವುದು ನಿದ್ದೆ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ತರುತ್ತಿದ್ದರೆ ಡಾಕ್ಟರಿಗೆ ಹೇಳಿ, ಒಮ್ಮೆಲೇ ನಿಲ್ಲಿಸಬೇಡಿ.

ಒಂದು ಮಾತು ಬಿಚ್ಚಿ ಹೇಳಬೇಕು. ಮಾತ್ರೆಯಿಂದ ನಿದ್ದೆ ಬರುತ್ತದೆ, ತಲೆ ತಿಳಿಯಾಗುತ್ತದೆ, ಮುಂದಿನದನ್ನು ಯೋಚಿಸುವ ಶಕ್ತಿ ಬರುತ್ತದೆ. ಹೊಡೆಯುವ ಕೈಯನ್ನು ಅದು ತಡೆಯುವುದಿಲ್ಲ. ಹೆಂಡತಿಗೆ ಮಾತ್ರೆ ಕೊಡಿಸಿ "ಈಗ ಸುಮ್ಮನಿದ್ದಾಳೆ" ಎನ್ನುವ ಗಂಡಂದಿರನ್ನೂ ನೋಡಿದ್ದೇನೆ. ಅದನ್ನು ಚಿಕಿತ್ಸೆ ಎಂದು ನಾನು ಒಪ್ಪುವುದಿಲ್ಲ.

"ಇಬ್ರನ್ನೂ ಕೂರಿಸಿ ಬುದ್ಧಿ ಹೇಳ್ರಿ ಮೇಡಂ, ಸರಿ ಹೋಗ್ತಾರೆ"

ಹಿಂಸೆ ನಡೆಯುತ್ತಿರುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ನನ್ನೆದುರು ನೀವು ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಲೆಕ್ಕ ತೀರುತ್ತದೆ. ಆ ಭಯಕ್ಕೆ ನೀವು ಸುಳ್ಳು ಹೇಳುತ್ತೀರಿ, ಅವರು ತಲೆಯಾಡಿಸುತ್ತಾರೆ, ರಾಜಿ ಆಯಿತು ಎಂದು ಕಾಗದವಾಗುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಹೀಗೆ ಒಬ್ಬರನ್ನು ಕೂರಿಸಿ ಕಳಿಸಿದ್ದೆ. ಮುಂದಿನ ವಾರ ಬಂದಾಗ ಆಕೆ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದರು. ಓಲೆ ಇದ್ದ ಜಾಗ ಹರಿದಿತ್ತು. ಅಂದಿನಿಂದ ಇಬ್ಬರನ್ನೂ ಬೇರೆ ಬೇರೆ ದಿನವೇ ಕರೆಯುತ್ತೇನೆ, ಅದೂ ಆಕೆ ಒಪ್ಪಿದರೆ.

## ಮನೆ, ಮಕ್ಕಳು, ತವರು

"ಕುಡಿದಾಗ ಮಾತ್ರ ಹಂಗೆ. ಕುಡಿಯೋದು ಬಿಟ್ರೆ ದೇವ್ರಂಥ ಮನುಷ್ಯ"

ಕುಡಿದಾಗ ಅವರು ಬಾರ್ ಮಾಲೀಕನಿಗೆ ಹೊಡೆಯುತ್ತಾರಾ? ಪೊಲೀಸಿಗೆ? ಕುಡಿತದಿಂದ ಪೆಟ್ಟಿನ ಜೋರು ಹೆಚ್ಚಬಹುದು, ಯಾರಿಗೆ ಹೊಡೆಯಬಹುದೆಂಬ ಲೆಕ್ಕ ಮಾತ್ರ ಎಚ್ಚರವಾಗೇ ಇರುತ್ತದೆ. ಕುಡಿತ ಬಿಡಿಸುವ ಚಿಕಿತ್ಸೆ ಖಂಡಿತ ಕೊಡಿಸಿ. ಅದು ಮುಗಿಯಲಿ ಎಂದು ನಿಮ್ಮ ಸುರಕ್ಷತೆಯನ್ನು ಮುಂದಕ್ಕೆ ಹಾಕಬೇಡಿ.

"ಇಷ್ಟೆಲ್ಲ ಆದ್ರೂ ಬಿಟ್ಟು ಬರಕ್ಕೆ ಮನಸ್ಸು ಬರಲ್ಲ. ನಂಗೆ ನಾಚ್ಕೆ ಇಲ್ವಾ?"

ಹೊಡೆದ ಮರುದಿನ ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುತ್ತಾರೆ, ಕಾಲು ಹಿಡಿಯುತ್ತಾರೆ, ಮಕ್ಕಳನ್ನು ಗಾಜಿನ ಮನೆಗೆ ಕರೆದೊಯ್ಯುತ್ತಾರೆ. ಆ ಒಂದು ದಿನದ ಆಸೆಯಲ್ಲಿ ಮನಸ್ಸು ಮುಂದಿನ ತಿಂಗಳನ್ನು ತಳ್ಳುತ್ತದೆ. ನೋಯಿಸುವವನೇ ಸಮಾಧಾನವನ್ನೂ ಮಾಡಿದಾಗ ಹುಟ್ಟುವ ನಂಟು ಬಹಳ ಗಟ್ಟಿ. ಅದಕ್ಕೂ ನಾಚಿಕೆಗೂ ಸಂಬಂಧವಿಲ್ಲ. ಅದರ ಮೇಲೆ ದುಡ್ಡಿಲ್ಲ, ಇರಲು ಜಾಗವಿಲ್ಲ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎನ್ನುವ ತವರು.

ಬಿಟ್ಟು ಬನ್ನಿ ಎಂದು ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಮನೆ ಬಿಡುವ ಹೊತ್ತೇ ಅತಿ ಅಪಾಯದ ಹೊತ್ತು. ಹೊರಡುವುದಾದರೆ ಯಾರಿಗೂ ಮೊದಲೇ ಹೇಳಬೇಡಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಮಕ್ಕಳ ಶಾಲೆ ಕಾಗದಗಳನ್ನು ನಂಬಿಕಸ್ಥರ ಮನೆಯಲ್ಲಿ ಒಂದೊಂದಾಗಿ ಸೇರಿಸಿಡಿ. ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರಿ ನೆರವಿನ ಕೇಂದ್ರ, ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನದವರೆಗೆ ತಂಗಬಹುದು. 181ಕ್ಕೆ ಕೇಳಿದರೆ ಎಲ್ಲಿದೆ ಎಂದು ಹೇಳುತ್ತಾರೆ.

"ಮಕ್ಕಳ ಮುಂದೆ ಏನೂ ತೋರಿಸ್ಕೊಳ್ಳಲ್ಲ. ಅವಕ್ಕೆ ಗೊತ್ತಾಗಲ್ಲ ಅಲ್ವಾ?"

ಗೊತ್ತಾಗುತ್ತದೆ. ಮಲಗಿದಂತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿರುತ್ತವೆ. ಏಳು ವರ್ಷದ ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡುವುದು, ಹುಡುಗಿ ಶಾಲೆಗೆ ಹೋಗಲು ಹೊಟ್ಟೆನೋವು ಎನ್ನುವುದು (ಅಮ್ಮನನ್ನು ಒಬ್ಬಳೇ ಬಿಟ್ಟು ಹೋಗಲು ಭಯ), ಓದಿನಲ್ಲಿ ಹಿಂದೆ ಬೀಳುವುದು ಇದರಿಂದಲೇ ಇರಬಹುದು. ಅವಕ್ಕೆ ಇಷ್ಟು ಹೇಳಿ: ಇದು ನಿನ್ನ ತಪ್ಪಲ್ಲ, ಜಗಳ ನಡೆಯುವಾಗ ನಡುವೆ ಬರಬೇಡ, ಇಂಥವರ ಮನೆಗೆ ಓಡು. ತಾಯಿ ಚೇತರಿಸಿಕೊಂಡ ಹಾಗೆ ಮಕ್ಕಳೂ ಬೇಗ ಚೇತರಿಸಿಕೊಳ್ಳುವುದನ್ನು ನೋಡಿದ್ದೇನೆ.

"ನನ್ ಮಗಳು ಏನೂ ಬಾಯಿ ಬಿಡಲ್ಲ. ನಾವು ಹೆತ್ತೋರು ಏನ್ ಮಾಡ್ಬೇಕು?"

"ಹೊಂದ್ಕೊಂಡು ಹೋಗು" ಎಂದು ಒಮ್ಮೆ ಹೇಳಿದ್ದರೆ ಅವಳು ಮತ್ತೆ ಹೇಳುವುದಿಲ್ಲ. ಆ ಮಾತನ್ನು ನೀವೇ ಬಾಯಿಬಿಟ್ಟು ವಾಪಸ್ ತೆಗೆದುಕೊಳ್ಳಿ. "ಯಾವಾಗ ಬಂದ್ರೂ ಬಾಗ್ಲು ತೆಗ್ದಿರುತ್ತೆ" ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಅಳಿಯನನ್ನು ಹಿಡಿದು ಹೊಡೆಸಲು ಜನ ಕಳಿಸಬೇಡಿ, ಅದರ ಪೆಟ್ಟು ಅವಳಿಗೇ ಬೀಳುತ್ತದೆ.

## ಕೋರ್ಟು, ಕಾಗದ, ಮತ್ತು ಅದರಾಚೆ

"ಮಾನಸಿಕ ಚಿಕಿತ್ಸೆ ತಗೊಂಡಿದ್ದನ್ನೇ ಹಿಡ್ಕೊಂಡು ಡೈವೋರ್ಸ್ ಕೊಡ್ತೀನಿ, ಮಕ್ಕಳನ್ನ ಕಿತ್ಕೊತೀನಿ ಅಂತಾರೆ"

ಬೆದರಿಕೆಯಾಗಿ ಇದನ್ನು ದಿನಾ ಕೇಳುತ್ತೇನೆ. ಕಾಯಿಲೆಯ ಹೆಸರೊಂದನ್ನು ಹೇಳಿದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ, ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿದೆಯೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗುವುದಿಲ್ಲ ಎನ್ನುತ್ತದೆ 2017ರ ಕಾಯ್ದೆ. ಮಕ್ಕಳ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿನ ಹಿತ. ಚಿಕಿತ್ಸೆ ಪಡೆದು ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಿ ತನ್ನ ಜವಾಬ್ದಾರಿ ಅರಿತವಳು ಎಂದು ವಕೀಲರ ಮೂಲಕ ಧೈರ್ಯವಾಗಿ ಹೇಳಿಸಿ. ಉಚಿತ ವಕೀಲರಿಗೆ ಕಾನೂನು ಸೇವಾ ಸಹಾಯವಾಣಿ 15100.

"ಮನಸ್ಸಿಗಾದ ನೋವಿಗೆ ಸಾಕ್ಷಿ ಎಲ್ಲಿಂದ ತರ್ಲಿ?"

ನಿಮ್ಮ ಆಸ್ಪತ್ರೆ ಚೀಟಿಗಳೇ ಸಾಕ್ಷಿ. 2005ರ ಕಾಯ್ದೆಯ 22ನೇ ಸೆಕ್ಷನ್ ಅಡಿ ಮಾನಸಿಕ ಹಿಂಸೆ, ಭಾವನಾತ್ಮಕ ಯಾತನೆಗೂ ಪರಿಹಾರ ಕೇಳಬಹುದು. "ಬಿದ್ದೆ" ಎಂದು ಬರೆಸಬೇಡಿ. ಯಾರು ಹೊಡೆದರು, ಯಾವಾಗ ಎಂದು ಹೇಳಿ ಬರೆಸಿ. ಬೈದ ಮೆಸೇಜು, ಆಡಿಯೊ ಅಳಿಸದೆ ಅಕ್ಕನಿಗೋ ಗೆಳತಿಗೋ ಕಳಿಸಿಡಿ. ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ. ಅವರು ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ತೀರ್ಪು 60 ದಿನದೊಳಗೆ ಆಗಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಎಳೆಯುತ್ತದೆ ಎಂದು ತಿಳಿದೇ ಹೊರಡಿ, ತೀರ್ಪಿಗೆ ಮುಂಚೆ ಕೊಡುವ ತಾತ್ಕಾಲಿಕ ಆದೇಶವನ್ನು (ಮಧ್ಯಂತರ ಆದೇಶ) ಮೊದಲೇ ಕೇಳಿ. ಕ್ರೌರ್ಯದ ಕ್ರಿಮಿನಲ್ ಕೇಸು ಬೇರೆ. ಹಿಂದಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 498ಎ ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್.

"ಬಿಟ್ಟು ಬಂದು ಮೂರು ವರ್ಷ ಆಯ್ತು. ಈಗ್ಲೂ ಬೈಕ್ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ"

ಆ ಸದ್ದು ಬಂದಾಗ ಅನ್ನ ಆಗಿರಬೇಕು, ಮಕ್ಕಳು ಸುಮ್ಮನಿರಬೇಕು ಎಂದು ನಿಮ್ಮ ಮೈ ವರ್ಷಗಟ್ಟಲೆ ಕಲಿತಿದೆ. ಅವರಿಲ್ಲ ಎಂಬುದು ತಲೆಗೆ ಗೊತ್ತು, ಮೈಗೆ ಇನ್ನೂ ತಲುಪಿಲ್ಲ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳಿವೆ. ತರಬೇತಾದವರ ಜೊತೆ ಕೂತು, ಹಳೆಯ ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸುತ್ತ ಹೋಗುವುದು. ಮನೆಯಲ್ಲಿ ಮಾಡಬಹುದಾದ್ದೂ ಇದೆ: ಸದ್ದು ಕೇಳಿದ ಕೂಡಲೇ ಎರಡೂ ಪಾದ ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳ ಹೆಸರು ಹೇಳಿ, ಇವತ್ತಿನ ತಾರೀಖು ಜೋರಾಗಿ ಹೇಳಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ.

ಹರಿಹರದ ಕಡೆಯ ಒಬ್ಬರು ಈಗ ಹೊಲಿಗೆ ಕೆಲಸ ಮಾಡುತ್ತಾರೆ. ಬೈಕಿನ ಸದ್ದು ಕೇಳಿದರೆ ಮೊದಲು ಎದ್ದು ಅಡುಗೆಮನೆಗೆ ಓಡುತ್ತಿದ್ದರಂತೆ. ಈಗ ಮಿಷನ್ನಿನ ಪೆಡಲ್ ಮೇಲಿನ ಕಾಲು ಒಂದು ಕ್ಷಣ ನಿಲ್ಲುತ್ತದೆ. ಕಿಟಕಿಯಲ್ಲಿ ಹಾಲಿನವನನ್ನು ನೋಡುತ್ತಾರೆ. ಮತ್ತೆ ತುಳಿಯುತ್ತಾರೆ.